ಕಡಲಾಚೆಯ ಓದಿಗೆ ರೊಕ್ಕ ಕೊಟ್ಟವರು

ಹೋದ ಕಾರ್ತಿಕದಲ್ಲಿ ಒಂದು ಸಂಜೆ ಯಾದಗಿರಿಯ ನಮ್ಮ ಮನೆಗೆ ಸುರಪುರದ ಕಡೆಯ ಗೃಹಸ್ಥರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ಬಂದರು. ಒಕ್ಕಲುತನದ ಮನೆತನ, ಬೇಡರ ಪೈಕಿ. ನಾರಾಯಣಪುರದ ಎಡದಂಡೆ ಕಾಲುವೆಯ ಕೆಳಗೆ ಆರು ಎಕರೆ ಹೊಲ. ಹುಡುಗಿ ಶಹಾಪುರದ ಹತ್ತಿರದ ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಪದವಿ ಮುಗಿಸಿದ್ದಳು. ಕೈಯಲ್ಲಿ ಒಂದು ಕಾಗದ. ನೆದರ್ಲೆಂಡ್ಸ್ ದೇಶದ ಒಂದು ವಿಶ್ವವಿದ್ಯಾಲಯ ಆಕೆಗೆ ಮಣ್ಣು ಮತ್ತು ನೀರಿನ ವಿಜ್ಞಾನದಲ್ಲಿ ಎರಡು ವರ್ಷದ ಎಂ.ಎಸ್‌ಸಿ. ಓದಿಗೆ ಪ್ರವೇಶ ಕೊಟ್ಟಿತ್ತು.

"ಸೀಟ್ ಸಿಕ್ಕದರಿ ಸರ್. ಇದಕ್ಕ ರೊಕ್ಕ ಕೊಡೋರು ಯಾರರ ಅದಾರೇನ್ರಿ?" ಎಂದು ಕೇಳಿದಳು.

ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದವನಿಗೆ ಒಂದು ದುರಭ್ಯಾಸ ಅಂಟಿಕೊಂಡಿರುತ್ತದೆ. ಏನು ಕೇಳಿದರೂ ನೂರು ವರ್ಷ ಹಿಂದಿನಿಂದ ಉತ್ತರ ಶುರುವಾಗುತ್ತದೆ. ನಾನು ಟೇಲರ್ ಸಾಹೇಬನಿಂದ ಶುರುಮಾಡಿದೆ. ತಂದೆ ಚಹಾದ ಬಸಿ ಕೆಳಗಿಟ್ಟು ನಕ್ಕರು. ಆದರೆ ಎದ್ದು ಹೋಗಲಿಲ್ಲ. ಅಂದು ಅವರಿಗೆ ಹೇಳಿದ್ದನ್ನೂ, ಆಮೇಲೆ ಅವರ ಜೊತೆಗೆ ಕಚೇರಿಯಿಂದ ಕಚೇರಿಗೆ ತಿರುಗಿ ನಾನೇ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸುರಪುರದ ಗುಡ್ಡದ ಮೇಲೆ 'ಟೇಲರ್ ಮಂಜಿಲ್' ಎಂಬ ಬಂಗಲೆಯನ್ನು ಕಂಡವರು ಅನೇಕರಿದ್ದಾರೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರನೇ ಕಡಲು ದಾಟಿ ಬಂದ ಬಡ ಹುಡುಗ. ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ತಂದೆಯ ವ್ಯಾಪಾರ ಮುಳುಗಿತು. ಮುಂಬಯಿಯಲ್ಲಿ ಬಾಕ್ಸ್ಟರ್ ಎಂಬ ವ್ಯಾಪಾರಿಯ ಕೋಠಿಯಲ್ಲಿ ಕೆಲಸ, ವಯಸ್ಸಿಗೆ ಬಂದಮೇಲೆ ಪಾಲುದಾರಿಕೆ ಎಂಬ ಮಾತನ್ನು ನಂಬಿ 15 ವರ್ಷದ ಮಗನನ್ನು ಹಡಗು ಹತ್ತಿಸಿದರು. 1824ರಲ್ಲಿ ಬಂದಿಳಿದು ನೋಡುತ್ತಾನೆ: ಕೋಠಿಯೂ ಇಲ್ಲ, ಪಾಲೂ ಇಲ್ಲ. ಇದ್ದದ್ದು ದಿವಾಳಿಯ ಅಂಚಿನ ಒಂದು ಅಂಗಡಿ. ಮುಂಬಯಿ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ತಾಯಿಯ ಕಡೆಯ ನಂಟನೊಬ್ಬ ಅವನನ್ನು ನಿಜಾಮನ ಸೈನ್ಯಕ್ಕೆ ಸೇರಿಸಿದ್ದರಿಂದ ಬದುಕಿಕೊಂಡ. ಶಾಲೆಯಲ್ಲಿ ಕಲಿತದ್ದು ಅಷ್ಟಕ್ಕಷ್ಟೆ. ಭಾಷೆಗಳು, ಭೂಮಾಪನ, ಕಾಯಿದೆ, ಕಟ್ಟಡದ ಕೆಲಸ ಎಲ್ಲವನ್ನೂ ಈ ನೆಲದಲ್ಲೇ ತಾನೇ ಕಲಿತುಕೊಂಡ.

ಈ ಭಾಗ ಹೇಳುವಾಗ ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಕಾರಣ ಆಮೇಲೆ ತಿಳಿಯಿತು. ದೊಡ್ಡ ನಗರವೊಂದರಲ್ಲಿ ವಿದೇಶಕ್ಕೆ ವಿದ್ಯಾರ್ಥಿಗಳನ್ನು ಕಳುಹಿಸುವ ದಲ್ಲಾಳಿ ಕಚೇರಿಯೊಂದು ಸ್ಕಾಲರ್‌ಶಿಪ್ ಕೊಡಿಸುತ್ತೇವೆಂದು ಹೇಳಿ ಇವರಿಂದ ಮುಂಗಡ ತೆಗೆದುಕೊಂಡಿತ್ತು. ಮೂರು ತಿಂಗಳ ಮೇಲೆ ಕಳಿಸಿದ್ದು ಒಂದು ಪಟ್ಟಿ. ಅದರಲ್ಲಿದ್ದ ವೇತನಗಳಲ್ಲಿ ಅರ್ಧದ ತಾರೀಖು ಮುಗಿದಿತ್ತು. ಉಳಿದ ಅರ್ಧ ಬೇರೆ ದೇಶದವರಿಗೆ ಮೀಸಲು. ಲಿವರ್‌ಪೂಲಿನ ಹುಡುಗನಿಗೆ ಆದದ್ದೇ ಇನ್ನೂರು ವರ್ಷಗಳ ಮೇಲೆ ಸುರಪುರದ ಹುಡುಗಿಗೆ ಆಗಿತ್ತು.

ಟೇಲರನು ಸುರಪುರಕ್ಕೆ ಬಂದದ್ದು 1841ರಲ್ಲಿ. ಔರಂಗಜೇಬನಂಥ ಬಾದಶಹನೇ 1705ರಲ್ಲಿ ಖುದ್ದಾಗಿ ಬಂದು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಬೇಕಾಯಿತಲ್ಲ, ಆ ಬೇಡ ನಾಯಕರ ಸಂಸ್ಥಾನ ಈಗ ನಿಜಾಮನಿಗೆ ಕೊಡಬೇಕಾದ ನಜರಾಣೆಯ ಬಾಕಿಯಲ್ಲಿ, ಮನೆಯೊಳಗಿನ ಒಡಕಿನಲ್ಲಿ ಬಳಲಿತ್ತು. ರಾಜಾ ಕೃಷ್ಣಪ್ಪ ನಾಯಕರು ತೀರಿಹೋಗಿದ್ದರು. ಮಗ ವೆಂಕಟಪ್ಪ ನಾಯಕ ಆರೇಳು ವರ್ಷದ ಬಾಲಕ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡ ನಾಯಕ ಇನ್ನೊಂದು ಕಡೆ. ಕಂಪನಿ ಸರಕಾರ ಟೇಲರನನ್ನು ಮೇಲ್ವಿಚಾರಣೆಗೆ ಇಟ್ಟಿತು. 1853ರವರೆಗೆ ಸಂಸ್ಥಾನದ ಹಣದ ಚೀಲದ ಗಂಟು ಅವನ ಕೈಯಲ್ಲಿತ್ತು. ಅವನು ಒಳ್ಳೆಯ ಆಡಳಿತಗಾರನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಕಂದಾಯವನ್ನು ಹದಕ್ಕೆ ತಂದ. ಬೋನಾಳದ ಕೆರೆಯನ್ನು ಸುಧಾರಿಸಿದ. ಬಿಡುವಿನಲ್ಲಿ ರಾಜನಕೋಳೂರು, ಜೇವರ್ಗಿ ಕಡೆಯ ಕಲ್ಗೋರಿಗಳನ್ನು ಅಗೆದು ನೋಡಿ ಲೇಖನ ಬರೆದ. ನಮ್ಮ ಭಾಗದ ಪ್ರಾಗಿತಿಹಾಸದ ಓದು ಅಲ್ಲಿಂದಲೇ ಆರಂಭವಾಗುತ್ತದೆ. ಬಾಲರಾಜನಿಗೂ ಅವನ ಮೇಲೆ ಪ್ರೀತಿ. 'ಅಪ್ಪಾ' ಎಂದೇ ಕರೆಯುತ್ತಿದ್ದನಂತೆ.

ಖಜಾನೆಯಿತ್ತು. ಹಿತವನ್ನು ಬಯಸುವ ಪಾಲಕನಿದ್ದ. ಕಲಿಯುವ ವಯಸ್ಸಿನ ಹುಡುಗನಿದ್ದ. ಆದರೂ ರಾಜರ ಓದು ಸುರಪುರದ ಗುಡ್ಡವನ್ನು ದಾಟಲಿಲ್ಲ. ಹಾಗೆ ದಾಟಿಸುವುದು ಆ ಕಾಲಕ್ಕೆ ಊಹಿಸಲಾಗದ ಮಾತಾಗಿತ್ತೆಂದು ತಿಳಿಯಬೇಡಿ. ಅದೇ ವರ್ಷಗಳಲ್ಲಿ ಪದಚ್ಯುತನಾದ ಕೊಡಗಿನ ಅರಸ ಚಿಕ್ಕವೀರರಾಜೇಂದ್ರ ತನ್ನ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಕಂಪನಿಯಲ್ಲಿ ತೊಡಗಿಸಿದ್ದ ತನ್ನ ಮನೆತನದ ಹಣವನ್ನು ವಾಪಸು ಕೇಳುವುದೂ ಅವನ ಉದ್ದೇಶವಾಗಿತ್ತು. 1852ರಲ್ಲಿ ವಿಕ್ಟೋರಿಯಾ ರಾಣಿಯೇ ಆ ಹುಡುಗಿಗೆ ಧರ್ಮಮಾತೆಯಾದಳು. ಹುಡುಗಿ ಮತ ಬಿಟ್ಟಳು, ಇಂಗ್ಲಿಷರ ನಡುವೆ ಬೆಳೆದಳು, 1864ರಲ್ಲಿ ಎಳೆಯ ಪ್ರಾಯದಲ್ಲೇ ಸತ್ತಳು. ತಂದೆಗೆ ಹಣ ಬರಲಿಲ್ಲ. ಅವನೂ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಕನ್ನಡನಾಡಿನ ಹೆಣ್ಣುಮಗಳೊಬ್ಬಳು ಇಂಗ್ಲೆಂಡಿನಲ್ಲಿ ಓದಿದ ಆ ಮೊದಲ ದಿನಗಳ ಕಥೆಯನ್ನು ನೆನೆದರೆ ಅಸೂಯೆಯೇನೂ ಆಗುವುದಿಲ್ಲ.

ವೆಂಕಟಪ್ಪ ನಾಯಕರ ಕಥೆಯಲ್ಲಿ ಕಡಲು ಬರುವುದು ಒಂದೇ ಒಂದು ಸಲ. 1858ರ ಫೆಬ್ರುವರಿಯಲ್ಲಿ ಸುರಪುರ ದಂಗೆಯೆದ್ದಿತು, ಬಿತ್ತು. ರಾಜರು ಹೈದರಾಬಾದಿನಲ್ಲಿ ಸೆರೆಸಿಕ್ಕರು. ಮೊದಲು ಮರಣದಂಡನೆ. ಅದು ಇಳಿದು ಕರಿನೀರಿನಾಚೆ ಜನ್ಮಾಂತ ಗಡೀಪಾರು. ಅದೂ ಇಳಿದು ಮದರಾಸಿನ ಕಡೆ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆವಾಸ. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡರೆಂದು ಟೇಲರನು ಬರೆದಿದ್ದಾನೆ. ಆಗ ಅವರಿಗೆ 24 ವರ್ಷ. ನಮ್ಮ ಸೀಮೆಯ ತರುಣನೊಬ್ಬನನ್ನು ಸರಕಾರದ ಖರ್ಚಿನಲ್ಲಿ ಕಡಲಾಚೆಗೆ ಕಳುಹಿಸುವ ಮಾತು ಬಂದದ್ದು ಹೀಗೆ, ಶಿಕ್ಷೆಯ ರೂಪದಲ್ಲಿ.

1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಸುರಪುರ, ಶಹಾಪುರ, ಯಾದಗಿರಿ ಮೂರೂ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳಾದವು. ಅಲ್ಲಿಂದಾಚೆಗೆ ವಿಲಾಯಿತಿಯ ಓದಿಗೆ ಹಣ ಒದಗುವ ದಾರಿಗಳು ದೇಶದಲ್ಲಿ ಒಂದೊಂದಾಗಿ ತೆರೆಯುತ್ತ ಹೋದವು. ಹಿಂದುಸ್ತಾನಿ ಭಾಷೆಯ ಪಂಡಿತ ಜಾನ್ ಗಿಲ್‌ಕ್ರಿಸ್ಟ್ ಬಿಟ್ಟುಹೋದ ಆಸ್ತಿಯಿಂದ ಒಂದು ವೇತನ ಹುಟ್ಟಿತು. ಅದರ ಮೇಲೆ ಎಡಿನ್‌ಬರೋಗೆ ಹೋದವರಲ್ಲಿ ಅಘೋರನಾಥ ಚಟ್ಟೋಪಾಧ್ಯಾಯರೂ ಒಬ್ಬರು. ಹಿಂದಿರುಗಿ ಹೈದರಾಬಾದಿನಲ್ಲಿ ಕಾಲೇಜು ಕಟ್ಟಿದರು. ಅವರ ಮಗಳು ಸರೋಜಿನಿ 1895ರಲ್ಲಿ, 16ರ ಹರೆಯದಲ್ಲಿ, ನಿಜಾಮ ಸರಕಾರದ ವೇತನದ ಮೇಲೆ ಲಂಡನ್ನಿಗೆ ಹೋದಳು. ಮುಂದೆ ಸರೋಜಿನಿ ನಾಯ್ಡು ಆದಳು. ಮುಂಬಯಿಯಲ್ಲಿ ಜಮಶೇಟಜಿ ಟಾಟಾ 1892ರಲ್ಲಿ ಒಂದು ನಿಧಿ ಸ್ಥಾಪಿಸಿದರು. ಅದು ದಾನವಲ್ಲ, ಸಾಲ. ಓದಿ ಬಂದವನು ತೀರಿಸಬೇಕು, ಆ ಹಣ ಮುಂದಿನವನಿಗೆ ಹೋಗಬೇಕು. ಮೊದಲು ಅದರ ಪ್ರಯೋಜನ ಪಡೆದವರು ಇಬ್ಬರು ಹೆಣ್ಣುಮಕ್ಕಳು, ವೈದ್ಯರು. ಇಂದಿಗೂ ಆ ನಿಧಿ ನಡೆಯುತ್ತಿದೆ.

ಮೈಸೂರಿನ ದಾರಿ ಬೇರೆ. ಅಲ್ಲಿ ಸರಕಾರಕ್ಕೇ ತನ್ನ ಕೆಲಸಕ್ಕೆ ಕಲಿತವರು ಬೇಕಾಗಿದ್ದರು. ತಿರುವಾಂಕೂರು ಜಾತಿಯ ಕಾರಣಕ್ಕೆ ನೌಕರಿ ಕೊಡದೆ ಕಳಿಸಿದ ಡಾಕ್ಟರ್ ಪಲ್ಪುವಿಗೆ ಮೈಸೂರು ನೌಕರಿ ಕೊಟ್ಟಿತು, ಹೆಚ್ಚಿನ ಓದಿಗೆ ಇಂಗ್ಲೆಂಡಿಗೂ ಕಳುಹಿಸಿತು. ಗಂಧದೆಣ್ಣೆಯಿಂದ ಸಾಬೂನು ಮಾಡಬೇಕೆಂದಾಗ ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನಿನ ವಿದ್ಯೆ ಕಲಿಯಲು ಅಲ್ಲಿಗೇ ಕಳುಹಿಸಿತು. ಧಾರವಾಡದ ಕಡೆ ಸರಕಾರಕ್ಕಿಂತ ಸಮಾಜ ಮುಂದೆ. 1883ರಲ್ಲೇ ಅಲ್ಲಿನ ಲಿಂಗಾಯತ ಮುಖಂಡರು ತಮ್ಮ ಮಕ್ಕಳ ಓದಿಗೆಂದು ನಿಧಿ ಕೂಡಿಸಿದ್ದರು.

ನಮ್ಮ ಕಡೆ? ಹೈದರಾಬಾದು ಸರಕಾರವೂ ಕಳುಹಿಸಲಿಲ್ಲವೆಂದಲ್ಲ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಅಲ್ಲಿ ಮೊದಲ ದರ್ಜೆಯಲ್ಲಿ ಬಂದ ತರುಣರು ಸಂಸ್ಥಾನದ ವೇತನದ ಮೇಲೆ ಯೂರೋಪಿಗೆ ಹೋದರು. ಗಣಿತಜ್ಞ ರಜಿಯುದ್ದೀನ ಸಿದ್ದೀಕಿ ಕೇಂಬ್ರಿಜ್ಜಿಗೆ ಹೋದದ್ದು ಹಾಗೆಯೆ. ಆದರೆ ಉಸ್ಮಾನಿಯಾದ ಪಾಠವೆಲ್ಲ ಉರ್ದುವಿನಲ್ಲಿ. ದೇಶೀ ಭಾಷೆಯಲ್ಲಿ ಉಚ್ಚ ಶಿಕ್ಷಣ ಕೊಟ್ಟರೆಂದು ಅದನ್ನು ಹೊಗಳುವವರಿದ್ದಾರೆ. ಹೊಗಳಲಿ, ಅದು ನ್ಯಾಯವೇ. ಆದರೆ ಶಹಾಪುರದ ಕನ್ನಡ ಹುಡುಗನಿಗೆ ಅದು ಇಂಗ್ಲಿಷಿನಷ್ಟೇ ಪರಭಾಷೆ. ಮನೆಯಲ್ಲಿ ಒಂದು ಭಾಷೆ, ಮದರಸೆಯಲ್ಲಿ ಇನ್ನೊಂದು. ಮೊದಲ ಮೆಟ್ಟಿಲಲ್ಲೇ ಎಡವಿದವರಿಗೆ ಮೇಲಿನ ಅಟ್ಟದಲ್ಲಿಟ್ಟ ವೇತನದಿಂದ ಏನು ಪ್ರಯೋಜನ? ಗುಲ್ಬರ್ಗಾದ ನೂತನ ವಿದ್ಯಾಲಯದಂಥ ಖಾಸಗಿ ಶಾಲೆಗಳು, 1907ರಿಂದೀಚೆಗೆ, ಕೆಲವರ ಕೈ ಹಿಡಿದವು. ಇಡೀ ಸೀಮೆಗೆ ಅದು ಸಾಲುವಂತಿರಲಿಲ್ಲ.

ವಿದ್ಯಾರ್ಥಿವೇತನ ಎಂಬುದು ಹಣದ ಗಂಟಲ್ಲ, ಒಂದು ಸುದ್ದಿ. ಸುದ್ದಿ ತಲುಪಿದವನಿಗೆ ಗಂಟು ಸಿಗುತ್ತದೆ. ಇದಕ್ಕೆ ಗಿರೀಶ ಕಾರ್ನಾಡರ ಉದಾಹರಣೆಗಿಂತ ಒಳ್ಳೆಯದು ಬೇಡ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಅವರು ಗಣಿತ, ಸಂಖ್ಯಾಶಾಸ್ತ್ರ ತೆಗೆದುಕೊಂಡರು. ಅದರ ಮೇಲಿನ ಪ್ರೇಮದಿಂದಲ್ಲ. ಮೊದಲ ದರ್ಜೆ ಬಂದರೆ ವಿದೇಶಕ್ಕೆ ಹೋಗಲು ವೇತನ ದೊರಕೀತೆಂಬ ಲೆಕ್ಕದಿಂದ. ಲೆಕ್ಕ ತಪ್ಪಲಿಲ್ಲ. ದಕ್ಷಿಣ ಆಫ್ರಿಕದ ವಜ್ರದ ಗಣಿಗಳಿಂದ ಸೆಸಿಲ್ ರೋಡ್ಸ್ ಗಳಿಸಿದ ಹಣ 1960ರಲ್ಲಿ ಧಾರವಾಡದ ಹುಡುಗನನ್ನು ಆಕ್ಸ್‌ಫರ್ಡಿಗೆ ಒಯ್ದಿತು. ಹೊರಡುವ ಮುಂಚಿನ ಮನೆಯವರ ಕಳವಳದಲ್ಲಿ 'ಯಯಾತಿ' ಹುಟ್ಟಿತು. ಹಾಗೆಯೆ ಅನಂತಮೂರ್ತಿಯವರು ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಹೋದರು, ಅಲ್ಲಿ ಕುಳಿತು 'ಸಂಸ್ಕಾರ' ಬರೆದರು. ಕನ್ನಡ ಸಾಹಿತ್ಯಕ್ಕೆ ಪರದೇಶದ ವೇತನಗಳ ಋಣ ಸಣ್ಣದಲ್ಲ. ನಾನು ಹೇಳುವುದಿಷ್ಟೆ: ಧಾರವಾಡದ ಹುಡುಗ ಇಂಟರಿನಲ್ಲಿದ್ದಾಗಲೇ ಲೆಕ್ಕ ಹಾಕಬಲ್ಲವನಾಗಿದ್ದ. ಯಾಕೆಂದರೆ ಅಲ್ಲಿ ಹಾಗೆ ಹೋಗಿ ಬಂದ ಮೇಷ್ಟರುಗಳಿದ್ದರು. ನಮ್ಮ ಯಾದಗಿರಿ 2009ರ ಡಿಸೆಂಬರಿನಲ್ಲಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಸಾಕ್ಷರತೆ ಶೇ. 52ನ್ನೂ ಮುಟ್ಟದೆ ರಾಜ್ಯದಲ್ಲಿ ಕಟ್ಟಕಡೆಗೆ ನಿಂತಿತು. ಇಲ್ಲಿ ಯಾರು ಯಾರಿಗೆ ಹೇಳಬೇಕು?

ನನ್ನನ್ನೇ ತೆಗೆದುಕೊಳ್ಳಿ. ಕೇಂದ್ರ ಸರಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ವಿದೇಶದ ಓದಿನ ಫೀ, ಊಟ ವಸತಿ, ವಿಮಾನದ ಖರ್ಚು ಎಲ್ಲ ಕೊಡುತ್ತದೆ. ಮೂವತ್ತು ವರ್ಷ ಪಾಠ ಹೇಳಿದ ನಾನು ಅದರ ಹೆಸರನ್ನು ಒಬ್ಬ ವಿದ್ಯಾರ್ಥಿಗೂ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ. ಸುರಪುರದ ಬೇಡರಿಗಂತೂ ಅದು ಇನ್ನೂ ತಡ. ನಾಯಕ, ಬೇಡ, ಬೇಡರ, ವಾಲ್ಮೀಕಿ ಎಂಬ ಹೆಸರುಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಬಂದದ್ದೇ 1991ರಲ್ಲಿ. ವೆಂಕಟಪ್ಪ ನಾಯಕರ ಕುಲದವರಿಗೆ ಹೊರದೇಶದ ಓದು ಒಬ್ಬ ಪಾಲಕನ ಮರ್ಜಿಯಾಗಿರದೆ ಅರ್ಜಿ ಹಾಕಿ ಕೇಳಬಹುದಾದ ವಿಷಯವಾಗುವುದಕ್ಕೆ ರಾಜರು ಸತ್ತು 133 ವರ್ಷ ಬೇಕಾದವು.

ಅರ್ಜಿ ಹಾಕಿದವರಿಗೆಲ್ಲ ಸಿಗುತ್ತದೆಯೆ? ಇಡೀ ದೇಶದ ಪರಿಶಿಷ್ಟ ಪಂಗಡಗಳಿಗೆ ವರ್ಷಕ್ಕೆ 20 ಜಾಗ. ಅದರಲ್ಲಿ 3 ಅತಿ ಹಿಂದುಳಿದ ಬುಡಕಟ್ಟುಗಳಿಗೆ. ಹೆಣ್ಣುಮಕ್ಕಳಿಗೆ ಶೇ. 30. ಮನೆಯ ವರಮಾನ ವರ್ಷಕ್ಕೆ 6 ಲಕ್ಷ ಮೀರಕೂಡದು. ಪರಿಶಿಷ್ಟ ಜಾತಿಯವರ ಯೋಜನೆ ಬೇರೆ. ಅಲ್ಲಿ ಜಾಗ ಹೆಚ್ಚು, ಆದರೆ 2022ರಲ್ಲಿ ಒಂದು ನಿಯಮ ಸೇರಿಸಿದರು: ಭಾರತದ ಸಂಸ್ಕೃತಿ, ಇತಿಹಾಸ, ಸಮಾಜವನ್ನು ಕುರಿತ ವಿಷಯಗಳಿಗೆ ಕೊಡುವುದಿಲ್ಲವಂತೆ. ನಮ್ಮ ಇತಿಹಾಸವನ್ನು ನಮ್ಮಲ್ಲೇ ಓದಬಹುದಲ್ಲ ಎಂಬ ವಾದ. ರಾಜನಕೋಳೂರಿನ ಕಲ್ಗೋರಿಗಳ ಮೇಲೆ ಲಿವರ್‌ಪೂಲಿನವನು ಬರೆದದ್ದನ್ನು ಓದಿ ಬೆಳೆದ ನನಗೆ ಈ ವಾದ ಗಂಟಲಲ್ಲಿ ಇಳಿಯುವುದಿಲ್ಲ. ಇರಲಿ. ಹುಡುಗಿಯದು ಮಣ್ಣಿನ ವಿಷಯ. ಆ ತೊಡಕು ಬರಲಿಲ್ಲ.

ಬೇರೆ ದಾರಿಗಳನ್ನೂ ನೋಡಿದೆವು. ಬ್ರಿಟನ್ನಿನ ಚೀವ್ನಿಂಗ್ ವೇತನಕ್ಕೆ ಎರಡು ವರ್ಷದ ನೌಕರಿಯ ಅನುಭವ ಬೇಕು. ಹೋಗಲಿ, ಅದು ಬ್ರಿಟನ್ನಿನ ಓದಿಗೆ ಮಾತ್ರ. ಅಮೆರಿಕದ ಫುಲ್‌ಬ್ರೈಟ್ ಅಮೆರಿಕಕ್ಕೆ. ನೆದರ್ಲೆಂಡ್ಸ್ ಸರಕಾರದ್ದೂ ಒಂದಿದೆ. ಒಂದು ಸಲಕ್ಕೆ 5,000 ಯೂರೋ, ಮೊದಲ ವರ್ಷದ ಫೀಯಲ್ಲಿ ಕಾಲು ಭಾಗ. ನಮ್ಮ ರಾಜ್ಯ ಸರಕಾರ ಪರಿಶಿಷ್ಟರಿಗೆಂದು ರೂಪಿಸಿದ 'ಪ್ರಬುದ್ಧ' ಯೋಜನೆಯ ಹೆಸರು ತಾಲೂಕಿನ ಒಂದು ಕಚೇರಿಯಲ್ಲಿ ಕೇಳಿದಾಗ ಗುಮಾಸ್ತ ತಲೆಯೆತ್ತಿ ನಮ್ಮನ್ನೇ, "ಅದೇನ್ರಿ?" ಎಂದ. ಯೋಜನೆಗಳು ಹುಟ್ಟುತ್ತವೆ, ಸಾಯುತ್ತವೆ. ಅಲ್ಪಸಂಖ್ಯಾತರ ಮಕ್ಕಳ ವಿದೇಶದ ಸಾಲಕ್ಕೆ ಬಡ್ಡಿಯ ನೆರವು ಕೊಡುತ್ತಿದ್ದ 'ಪಢೋ ಪರದೇಶ್' 2022-23ರಲ್ಲಿ ನಿಂತುಹೋಯಿತು. ಶಹಾಪುರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನೇ ನೆಚ್ಚಿ ಮಗನ ಓದಿನ ಲೆಕ್ಕ ಹಾಕಿದ್ದ.

ಕೊನೆಗೆ ಬ್ಯಾಂಕು. ಬ್ಯಾಂಕುಗಳ ಮಾದರಿ ಯೋಜನೆಯಂತೆ ಏಳೂವರೆ ಲಕ್ಷದ ಮೇಲಿನ ಓದಿನ ಸಾಲಕ್ಕೆ ಆಸ್ತಿಯ ಆಧಾರ ಬೇಕು. ತಂದೆ ಹೊಲದ ಪಹಣಿ ತೆಗೆದುಕೊಂಡು ಹೋದರು. ಮ್ಯಾನೇಜರು ಒಳ್ಳೆಯವರೇ, ಕೂಡಿಸಿ ಚಹಾ ಕೊಟ್ಟರು, ಆದರೆ ಹೊಲ ಬೇಡವೆಂದರು. ಸಾಲ ಮರಳದಿದ್ದರೆ ಕೋರ್ಟಿಗೆ ಹೋಗದೆ ಬ್ಯಾಂಕೇ ಆಸ್ತಿ ವಶಪಡಿಸಿಕೊಳ್ಳಬಹುದೆಂದು 2002ರಲ್ಲಿ ಒಂದು ಕಾಯಿದೆ ಬಂತು. ಆ ಕಾಯಿದೆ ಬೇಸಾಯದ ಭೂಮಿಗೆ ಅನ್ವಯಿಸುವುದಿಲ್ಲ. ರೈತನ ರಕ್ಷಣೆಗೆಂದೇ ಬಿಟ್ಟ ಮಾತು ಅದು. ಆದ್ದರಿಂದಲೇ ಇಂಥ ಸಾಲಕ್ಕೆ ಬ್ಯಾಂಕು ಹೊಲಕ್ಕಿಂತ ಪಟ್ಟಣದ ಮನೆ, ಪ್ಲಾಟು ಕೇಳುತ್ತದೆ. ಆರು ಎಕರೆ ನೀರಾವರಿ ಇದ್ದವನಿಗಿಂತ ಕಲಬುರಗಿಯಲ್ಲಿ ಒಂದು ತಗಡಿನ ಮನೆ ಇದ್ದವನು ಅಲ್ಲಿ ಸಾಹುಕಾರ.

"ನೀರಾವರಿ ಅಂತೀರಿ. ಎರಡೆಕರೆ ಸವಳಾಗಿ ಬಿದ್ದದ," ಎಂದರು ತಂದೆ, ಬ್ಯಾಂಕಿನ ಮೆಟ್ಟಿಲಿಳಿಯುತ್ತ.

ಆಗ ನನಗೆ ಹೊಳೆಯಿತು, ಈ ಹುಡುಗಿ ಅಲ್ಲಿಗೇ ಯಾಕೆ ಹೊರಟಿದ್ದಾಳೆಂದು. ಕಾಲುವೆಯ ನೀರು ಬಂತು, ಜೋಳದ ಎರೆಹೊಲದಲ್ಲಿ ನೆಲ್ಲು ನಿಂತಿತು. ನಿಂತ ನೀರು ಇಂಗದೆ, ಬಸಿದು ಹೋಗದೆ, ಕೆಳಗಿನ ಉಪ್ಪನ್ನು ಮೇಲಕ್ಕೆ ತಂದಿತು. ಬೇಸಿಗೆಯಲ್ಲಿ ಹೊಲದ ಮೇಲೆ ಬೂದಿ ಬಳಿದಂತೆ ಬಿಳುಪು. ಕೃಷ್ಣೆಯ ಕಾಲುವೆಗಳ ಕೆಳಗೆ ಇಂಥ ಹೊಲಗಳು ಒಂದೆರಡಲ್ಲ. ಸಮುದ್ರದಿಂದಲೇ ನೆಲ ಕಿತ್ತುಕೊಂಡು, ನೂರಾರು ವರ್ಷ ಅದರ ನೀರು ಬಸಿದು ಬೇಸಾಯ ಮಾಡಿದ ಜನ ಡಚ್ಚರು. ಆ ವಿದ್ಯೆಯನ್ನು ಅವರಲ್ಲಿ ಕಲಿಯಬೇಕೆಂಬುದು ಹುಡುಗಿಯ ಎಣಿಕೆ. ಅದನ್ನು ಅವಳು ನನಗೆ ಹೇಳಿರಲಿಲ್ಲ. ಅರ್ಜಿಯಲ್ಲಿ ಬರೆದಿದ್ದಳು, ಇಂಗ್ಲಿಷಿನಲ್ಲಿ, ತುಸು ತಡವರಿಸಿ. ನಾನು ವ್ಯಾಕರಣ ತಿದ್ದಿದೆ. ಅಪ್ಪನ ಸವಳು ಹೊಲದ ಪ್ಯಾರಾವನ್ನು ಮಾತ್ರ ಮುಟ್ಟಲಿಲ್ಲ.

ಜಾತಿ ಪ್ರಮಾಣಪತ್ರದಲ್ಲಿ 'ಬೇಡರ' ಎಂದೂ ಶಾಲೆಯ ದಾಖಲೆಯಲ್ಲಿ 'ನಾಯಕ' ಎಂದೂ ಇದ್ದದ್ದನ್ನು ಸರಿಪಡಿಸಲು ಹದಿನೆಂಟು ದಿನ ಹಿಡಿಯಿತು. ಎರಡು ಹೆಸರೂ ಪಟ್ಟಿಯಲ್ಲಿವೆಯಲ್ಲ ಎಂದರೆ, ಇವೆ, ಆದರೆ ಒಂದೇ ಇರಬೇಕು ಎಂದರು. ವರಮಾನದ ಪತ್ರಕ್ಕೆ ಇನ್ನಾರು ದಿನ. ಕೊನೆಯ ತಾರೀಖಿಗೆ ಎರಡು ದಿನ ಮುಂಚೆ ಸುರಪುರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ಅರ್ಜಿ ಕಳಿಸಿದೆವು. ಜೊತೆಗೆ ಟಾಟಾ ನಿಧಿಯ ಸಾಲಕ್ಕೂ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. 20 ಜಾಗದಲ್ಲಿ ಒಂದು ಸಿಗದಿದ್ದರೆ ಅದಾದರೂ ಇರಲಿ.

ಕೆಲಸ ಮುಗಿದ ಮೇಲೆ ಗುಡ್ಡ ಹತ್ತಿ ಟೇಲರ್ ಮಂಜಿಲಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆವು. ಹುಡುಗಿ ಫೋನಿನಲ್ಲಿ ಅರ್ಜಿಯ ನಂಬರು ಬರೆದುಕೊಳ್ಳುತ್ತಿದ್ದಳು. ತಂದೆ ಬಹಳ ಹೊತ್ತು ಸುಮ್ಮನಿದ್ದವರು ಕೇಳಿದರು:

"ಸರ, ನಮ್ಮ ರಾಜಾಗ ಕಡೀಕ ಎಷ್ಟು ವರ್ಷದ ಶಿಕ್ಷಾ ಆಗಿತ್ತು ಅಂದ್ರಿ?"

"ನಾಲ್ಕು."

"ಈಕಿ ಓದು?"

"ಎರಡು."

"ಎರಡೇ ಏನ್ರಿ," ಎಂದು ಅವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಹಂಗಾರ ಹೋಗಿ ಬರಲಿ ಬಿಡ್ರಿ."